ಹೊಲದಲ್ಲೇ ಸೋರುವ ಫಸಲು: ಏಳು ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ: ಬೆಳೆದ ಹಣ್ಣು, ತರಕಾರಿಯಲ್ಲಿ ಶೇ 40ರಷ್ಟು ಕೊಳೆತೇ ಹೋಗುತ್ತದೆ.

ಭಾಷಣಗಳಲ್ಲಿ ಸವೆದುಹೋದ ಅಂಕಿ ಇದು. ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ಸಮೀಕ್ಷೆ ಹೇಳಿದ್ದು ಬೇರೆ: ಬೆಳೆಯಿಂದ ಬೆಳೆಗೆ ಶೇ 4.58ರಿಂದ 15.88. ಮಾವಿನಲ್ಲಿ ಶೇ 9.16, ಟೊಮೆಟೊದಲ್ಲಿ ಶೇ 12.44. ಇದೇನೂ ಸಣ್ಣ ನಷ್ಟವಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಗೋದಾಮಿನಲ್ಲಲ್ಲ, ಕೀಳುವ, ಆಯುವ, ತುಂಬುವ, ಸಾಗಿಸುವ ಕೆಲಸಗಳಲ್ಲೇ ಆಗುತ್ತದೆ. ಉತ್ಪ್ರೇಕ್ಷೆಯ ಅಂಕಿ ಹಿಡಿದು ಹೊರಟವರು ಈ ಜಾಗಕ್ಕೆ ಬರುವುದೇ ಇಲ್ಲ; ನೇರವಾಗಿ ಕೋಲ್ಡ್ ಸ್ಟೋರೇಜ್ ಕಟ್ಟಲು ಟೆಂಡರ್ ಕರೆಯುತ್ತಾರೆ.

ತಪ್ಪು ಕಲ್ಪನೆ: ತಾಲ್ಲೂಕಿಗೊಂದು ಕೋಲ್ಡ್ ಸ್ಟೋರೇಜ್ ಬಂದರೆ ಎಲ್ಲ ಸರಿಹೋಗುತ್ತದೆ.

ಪೆಟ್ಟು ತಿಂದ ಹಣ್ಣನ್ನು ತಂಪು ವಾಸಿ ಮಾಡುವುದಿಲ್ಲ, ಕೊಳೆಯುವುದನ್ನು ನಾಲ್ಕು ದಿನ ಮುಂದೂಡುತ್ತದೆ. ಕೋಲಿನಿಂದ ಬಡಿದು ಕೆಡವಿದ ಮಾವಿನ ಗತಿ ಅದೇ. ಬಲೆ ಕಟ್ಟಿದ ದೋಟಿಯಲ್ಲಿ ತೊಟ್ಟು ಸಮೇತ ಇಳಿಸಿ, ಆಮೇಲೆ ತೊಟ್ಟು ತೆಗೆದು ಬೋರಲಿಟ್ಟು ಸೊನೆ ಸುರಿಸಿದರೆ ಸಿಪ್ಪೆ ಸುಡದು; ಅದಕ್ಕೆ ಕರೆಂಟೂ ಬೇಡ. ಹಸಿ ಬಾಳೆಯನ್ನಂತೂ 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗಿ, ಸರಿಯಾಗಿ ಹಣ್ಣಾಗುವುದೇ ಇಲ್ಲ. ಈರುಳ್ಳಿಗೆ ಬೇಕಾದ್ದು ಗಾಳಿ. ಕಿತ್ತ ಮೇಲೆ ಅದರದೇ ಸೊಪ್ಪು ಮುಚ್ಚಿ ಹೊಲದಲ್ಲೇ ಒಣಗಿಸಿ, ಕುತ್ತಿಗೆ ಒಣಗಿದ ಬಳಿಕ ಎರಡು ಸೆಂ.ಮೀ. ಉಳಿಸಿ ಕತ್ತರಿಸಬೇಕು. ಹಸಿಯಾಗಿದ್ದಾಗ ಕತ್ತರಿಸಿದರೆ ಕೊಳೆ ಒಳನುಗ್ಗಲು ನಾವೇ ಬಾಗಿಲು ತೆಗೆದಂತೆ.

ತಪ್ಪು ಕಲ್ಪನೆ: ಕಾಳಿಗೆ ಹುಳ ಹತ್ತುವುದು ಮನೆಗೆ ಬಂದ ಮೇಲೆ.

ತೊಗರಿ, ಅಲಸಂದೆಯ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ನಾವು ಅದನ್ನೇ ಚೀಲಕ್ಕೆ ತುಂಬಿ ತರುತ್ತೇವೆ. ಚೆನ್ನಾಗಿ ಒಣಗಿಸಿ ಗಾಳಿ ಆಡದಂತೆ ಮುಚ್ಚಿಟ್ಟರೆ ಹುಳ ಉಸಿರುಕಟ್ಟಿ ಸಾಯುತ್ತದೆ. ನೆಲದಡಿಯ ಕಣಜವಾದ ನಮ್ಮ ಹಗೇವು ಉಪಯೋಗಿಸಿದ ಉಪಾಯವೇ ಇವತ್ತಿನ ಮೂರು ಪದರದ ಚೀಲದಲ್ಲೂ ಇದೆ.

ತಪ್ಪು ಕಲ್ಪನೆ: ಒಣಗಿದೆಯೋ ಇಲ್ಲವೋ, ಹಲ್ಲಿಗೆ ಗೊತ್ತಾಗುತ್ತದೆ.

ಅನುಭವಿಗಳ ಹಲ್ಲಿಗೆ ಗೊತ್ತಾದೀತು, ಎಲ್ಲರ ಹಲ್ಲಿಗಲ್ಲ. ಸುಲಭದ ಪರೀಕ್ಷೆಯೊಂದಿದೆ: ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಿಟಿಕೆ ಒಣ ಉಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಸುಮಾರು ಶೇ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಬೇಕು. ಶೇಂಗಾದಲ್ಲಿ ಈ ಎಚ್ಚರ ತಪ್ಪಿದರೆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ತೊಳೆದರೂ ಹುರಿದರೂ ಪೂರ್ತಿ ಹೋಗದು.

ತಪ್ಪು ಕಲ್ಪನೆ: ರೈತರಿಗೆ ತರಬೇತಿ ಕೊಟ್ಟರೆ ಸಾಕು.

ಯಾವ ರೈತರಿಗೆ? ಕರೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಟೊಮೆಟೊ ಕೀಳುವುದು ಹೆಚ್ಚಾಗಿ ಕೂಲಿ ಹೆಣ್ಣುಮಕ್ಕಳು. ದೂರದೂರಿಗೆ ಹೋಗುವುದನ್ನು ಬಣ್ಣ ತಿರುಗುವಾಗಲೇ ಕೀಳಬೇಕೋ, ಹತ್ತಿರದ ಸಂತೆಗೆ ಕೆಂಪಾದದ್ದು ಬೇಕೋ, ಆ ತೀರ್ಮಾನ ಅವರ ಬೆರಳ ತುದಿಯಲ್ಲಿದೆ. ಅವರನ್ನು ತರಬೇತಿಗೆ ಕರೆದದ್ದು ಅಪರೂಪ. ಇನ್ನು ಬಾಕ್ಸಿನ ಲೆಕ್ಕದಲ್ಲಿ ಕೂಲಿ ಕೊಟ್ಟು, ‘ಮೆತ್ತಗೆ ಕೀಳಮ್ಮ’ ಅಂದರೆ ಯಾರು ಕೇಳುತ್ತಾರೆ? ಕಲಿಸಿದವರು ಕೂಲಿಯ ಲೆಕ್ಕವನ್ನೂ ಬದಲಿಸಬೇಕು, ಇಲ್ಲದಿದ್ದರೆ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಪ್ಪು ಕಲ್ಪನೆ: ಸಂಘ ಇರುವುದು ಸಾಲಕ್ಕೆ, ಸಬ್ಸಿಡಿಗೆ.

ಹಳ್ಳಿಯ ಹಾಲಿನ ಡೇರಿ ನೋಡಿ. ಗಂಟೆಗಳಲ್ಲಿ ಕೆಡುವ ಪದಾರ್ಥವನ್ನು ಬೆಳಿಗ್ಗೆ, ಸಂಜೆ ಅಳೆದು, ಪರೀಕ್ಷಿಸಿ, ತಂಪು ಮಾಡಿ ಕಳಿಸುತ್ತಾರೆ. ಒಂದು ಹಸುವಿನ ಮನೆಯವರಿಂದ ಒಂಟಿಯಾಗಿ ಇದು ಸಾಧ್ಯವಿರಲಿಲ್ಲ. ತೋಟಗಾರಿಕೆಯಲ್ಲೂ 1959ರಲ್ಲಿ ತೋಟಗಾರಿಕಾ ತಜ್ಞ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘವೇ ಮುಂದೆ ಹಣ್ಣು, ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು. ತೇವ ಅಳೆಯುವ ಮೀಟರು, ಸಿಮೆಂಟು ಕಣ, ಮಳೆ ಬಂದಾಗ ಹೊದಿಸಲು ದೊಡ್ಡ ಟಾರ್ಪಾಲು, ಇವು ಮನೆಗೊಂದು ಬೇಕಿಲ್ಲ, ಊರಿಗೆ ಇದ್ದರೆ ಸಾಕು. ಆದರೆ ಮಳೆ ಬಂದ ದಿನ ಮೊದಲ ಸರದಿ ಯಾರದು ಎಂಬುದು ಮೊದಲೇ ಮಾತಾಗಿರಬೇಕು.

ತಪ್ಪು ಕಲ್ಪನೆ: ರಸ್ತೆಗೆ ಟೊಮೆಟೊ ಸುರಿಯುವುದು ಕೆಡದಂತೆ ಇಡಲು ಬಾರದವರು.

ಸುರಿದದ್ದು ಹೆಚ್ಚಾಗಿ ಒಳ್ಳೆಯ ಹಣ್ಣೇ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಬೆಲೆ ಕಂಡು ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ, ಕೊಯ್ಲೂ ಒಟ್ಟಿಗೇ ಬರುತ್ತದೆ. ಆಗ ಕೀಳುವ ಕೂಲಿ, ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಸಂಘಗಳು ನಾಟಿಯ ವಾರಗಳನ್ನು ಹಂಚಿಕೊಂಡರೆ ತಮ್ಮೂರಿನ ಮಟ್ಟಿಗೆ ಒತ್ತಡ ತುಸು ಇಳಿದೀತು. ಪಕ್ಕದ ಜಿಲ್ಲೆ, ಆಂಧ್ರ, ಮಹಾರಾಷ್ಟ್ರದ ಲಾರಿಗಳು ಅದೇ ವಾರ ಬಂದರೆ ಅದೂ ನಡೆಯದು.