ಪಟ್ಟಿಯಲ್ಲಿ ಕನ್ನಡ, ಪುಟದಲ್ಲಿ ಅರ್ಧ ಇಂಗ್ಲಿಷ್

ಮೊಬೈಲಿನ ಭಾಷೆ ಕನ್ನಡಕ್ಕೆ ಬದಲಿಸಿದ ಮೇಲೂ ಆನ್‌ಲೈನ್ ಅರ್ಜಿಯ ಪುಟ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಯಾಕೆ ಬರುತ್ತದೆ ಎಂದು ಹಿರೇಕೆರೂರಿನ ಓದುಗರೊಬ್ಬರು ಕೇಳಿದ್ದಾರೆ.

ಬ್ರೌಸರು ಪುಟ ಕೇಳುವಾಗಲೇ ತನಗೆ ಬೇಕಾದ ಭಾಷೆಗಳನ್ನು ಸರದಿಯಲ್ಲಿ ಹೇಳಿಬಿಡುತ್ತದೆ: ಮೊದಲು 'ಕೆಎನ್-ಐಎನ್', ಅಂದರೆ ಭಾರತದ ಕನ್ನಡ, ಆಮೇಲೆ ಬರೀ 'ಕೆಎನ್', ಕೊನೆಗೆ 'ಇಎನ್'. ಸರ್ವರಿನ ಕಡೆ ಡೆವಲಪರ್ ಬರೆದಿಟ್ಟ ಭಾಷೆಗಳ ಪಟ್ಟಿ ಇರುತ್ತದೆ. ಎರಡನ್ನೂ ತಾಳೆ ನೋಡಿ ಭಾಷೆ ನಿಗದಿಯಾಗುತ್ತದೆ. ಆ ಪಟ್ಟಿಗೆ ಕನ್ನಡ ಸೇರಿಸುವುದು ಒಂದೇ ಸಾಲಿನ ಕೆಲಸ.

ಹಾನಗಲ್ಲಿನ ಖಾನಾವಳಿಯೊಂದರ ಬೋರ್ಡಿನ ಮೇಲೆ 'ಜೋಳದ ರೊಟ್ಟಿ ಊಟ' ಎಂದಿದೆ ಎನ್ನಿ. ಬೋರ್ಡು ಬರೆಯಲು ಒಬ್ಬ ಪೇಂಟರ್ ಸಾಕು. ರೊಟ್ಟಿ ಬಡಿಯಲು ಒಳಗೆ ಕೈಗಳು ಬೇಕು. ಭಾಷೆಗಳ ಪಟ್ಟಿ ಬೋರ್ಡಾದರೆ ಅನುವಾದದ ಕಡತವೇ ಅಡುಗೆಮನೆ. 'ಸಲ್ಲಿಸಿ', 'ಹಿಂದಕ್ಕೆ', 'ಆಧಾರ್ ಸಂಖ್ಯೆ ತಪ್ಪಾಗಿದೆ' ಹೀಗೆ ಒಂದೊಂದು ಮಾತಿಗೂ ಅಲ್ಲೊಂದು ಸಾಲು ಇರಬೇಕು. ಹೊಸ ಬಟನ್ ಜೋಡಿಸಿದವರು ಅದರ ಕನ್ನಡ ಬರೆಯದೆ ಬಿಟ್ಟರೆ ರೊಟ್ಟಿ ಖಾಲಿಯಾದಂತೆ. ಆಗ ಚಪಾತಿ ಬಡಿಸಬೇಕೋ, ನೇರ ಅನ್ನಕ್ಕೆ ಹೋಗಬೇಕೋ ಎಂಬುದನ್ನು ಮಾಲೀಕರು ಮೊದಲೇ ಹೇಳಿರಬೇಕು. ಇದಕ್ಕೆ ತಂತ್ರಾಂಶದವರು ಫಾಲ್‌ಬ್ಯಾಕ್ ಎನ್ನುತ್ತಾರೆ. ಹೆಚ್ಚಿನವರು ಅಲ್ಲಿ ಇಂಗ್ಲಿಷ್ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಓದುಗರ ಪುಟದಲ್ಲಿ ಆಗಿರುವುದು ಬಹುಶಃ ಇದೇ.

ಇಂಗ್ಲಿಷೇ ಆಗಬೇಕೆಂದೇನೂ ಇಲ್ಲ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲಿ ತುಳುವಿನ ಫಾಲ್‌ಬ್ಯಾಕ್ ಕನ್ನಡ. 2016ರಲ್ಲಿ ಶುರುವಾದ ತುಳು ವಿಕಿಪೀಡಿಯದಲ್ಲಿ ಯಾವುದೋ ಬಟನ್ನಿಗೆ ತುಳು ಸಾಲು ಇಲ್ಲದಿದ್ದರೆ ಓದುಗರಿಗೆ ಕನ್ನಡ ಕಾಣುತ್ತದೆ. ಯಾರೋ ಕೂತು ಯೋಚಿಸಿದ್ದರಿಂದ ಆದದ್ದು ಇದು.

ಎಲ್ಲ ಸಾಲುಗಳೂ ತುಂಬಿದರೂ ವ್ಯಾಕರಣ ಕಾಡುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರಿಗಾಗಿ ಒಂದು ಖಾಲಿ ಜಾಗ ಬಿಟ್ಟರೆ ಮುಗಿಯಿತು. ಕನ್ನಡದಲ್ಲಿ ಆ ಜಾಗದ ಮುಂದೆ 'ಗೆ' ಅಂಟಿಸಿ ನೋಡಿ: 'ಶಿಗ್ಗಾವಿಗೆ' ಸರಿಹೋಯಿತು, 'ಸವಣೂರುಗೆ', 'ಹಾನಗಲ್‌ಗೆ' ಎಡವಿದವು. ಬಲ್ಲವರು 'ತಾಲ್ಲೂಕು: ಸವಣೂರು' ಎಂದು ಹೆಸರನ್ನು ಬೇರೆಯಾಗಿಯೇ ಇಡುತ್ತಾರೆ. ಬಹುವಚನವೂ ಬೇರೆ. ಯುನಿಕೋಡ್ ಬಳಗ ಭಾಷೆಗಳ ನಿಯಮಗಳನ್ನು ಕೂಡಿಸಿಟ್ಟಿರುವ ಸಿಎಲ್‌ಡಿಆರ್ ಸಂಗ್ರಹದಂತೆ ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಸಾಲಿಗೆ ಸೇರುತ್ತದೆ. ಕನ್ನಡದಲ್ಲಿ ಸೊನ್ನೆಗೂ ಒಂದಕ್ಕೂ ಒಂದೇ ರೂಪ, '0 ಅರ್ಜಿ ಬಾಕಿ'. 1948ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ ಸವಣೂರಿನ ಜನರಿಗಾಗಿ ಉರ್ದುವನ್ನೂ ಸೇರಿಸುತ್ತೇವೆ ಎಂದರೆ ಪುಟವೇ ಬಲದಿಂದ ಎಡಕ್ಕೆ ತಿರುಗಬೇಕು.

ಈಗ ಎಐ ಹೆಸರಿನಲ್ಲಿ 'ಒಂದೇ ಕ್ಲಿಕ್ಕಿಗೆ 22 ಭಾಷೆ' ಎಂಬ ಜಾಹೀರಾತುಗಳ ಭರಾಟೆ. ಯಂತ್ರ ಸಾಲುಗಳನ್ನು ಬೇಗ ತುಂಬಿಕೊಡುತ್ತದೆ, ನಿಜ. ಆದರೆ ಇಂಥದ್ದನ್ನು ಕೊಳ್ಳುವ ಇಲಾಖೆಯವರು ಒಂದು ಪರೀಕ್ಷೆ ಮಾಡಲಿ: ಇಂಗ್ಲಿಷ್ ಫಾಲ್‌ಬ್ಯಾಕನ್ನು ನಿಲ್ಲಿಸಿ, ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲೇ ತುಂಬಿ ತೋರಿಸಿ ಎನ್ನಲಿ. ಖಾಲಿ ಉಳಿದ ಜಾಗಗಳನ್ನು ಎಣಿಸಿದ ಮೇಲೆ ಬಿಲ್ಲಿಗೆ ಸಹಿ ಹಾಕಲಿ.