ತಿಂಗಳು ಹನ್ನೆರಡು, ರೀಚಾರ್ಜ್ ಹದಿಮೂರು

ಪೋಸ್ಟ್‌ಪೇಯ್ಡ್ ಜಾಹೀರಾತಿನಲ್ಲಿ 449 ರೂಪಾಯಿ ಎಂದು ಓದಿದವರು ಕೊನೆಗೆ ಕಟ್ಟುವುದು 529 ರೂಪಾಯಿ 82 ಪೈಸೆ. ನಡುವಿನ ಎಂಬತ್ತು ಚಿಲ್ಲರೆ ರೂಪಾಯಿ ಶೇ 18ರ ಜಿಎಸ್‌ಟಿ. ಪ್ರಿಪೇಯ್ಡ್‌ನಲ್ಲಿ ಹಾಗಿಲ್ಲ, ಅಂಗಡಿಯವನು 349 ಎಂದರೆ 349, ತೆರಿಗೆಯೂ ಅದರೊಳಗೇ ಬಂತು. ಇಷ್ಟು ಗೊತ್ತಾದ ಮೇಲೆ ‘ಬಿಲ್ಲಿನ ಸಹವಾಸವೇ ಬೇಡ, ಪ್ರಿಪೇಯ್ಡ್‌ಗೆ ಬಂದುಬಿಡೋಣ’ ಎನ್ನುವವರು ಬಹಳ. ಬರಲಿ, ಒಂಟಿ ನಂಬರಿನ ಬಹುಪಾಲು ಮಂದಿಗೆ ಅದರಿಂದ ಲಾಭವೇ. ಆದರೆ ಪ್ರಿಪೇಯ್ಡ್‌ಗೆ ಬಂದ ಮಾತ್ರಕ್ಕೆ ದುಡ್ಡು ತಾನಾಗಿ ಉಳಿಯುತ್ತದೆ ಎಂದುಕೊಂಡವರು ಬೆಂಗಳೂರಿನ ಬೊಮ್ಮನಹಳ್ಳಿಯ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತು ನೋಡಬೇಕು.

ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆ ಹಿಡಿದರೆ ಬೊಮ್ಮನಹಳ್ಳಿ. ಮೇಲುರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬ್‌ಗಳು, 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ; ಕೆಳಗೆ ಗಾರ್ಮೆಂಟ್ಸ್ ಗೇಟುಗಳು, ಬೇಗೂರು ರಸ್ತೆಯ ತಿರುವು, ರೂಪೇನ ಅಗ್ರಹಾರ, ಹೊಂಗಸಂದ್ರದ ಗಲ್ಲಿಗಳಲ್ಲಿ ಪಿ.ಜಿ.ಗಳು, ಒಂದೇ ರೂಮಿನ ಬಾಡಿಗೆ ಮನೆಗಳು. ಕಂಪನಿಯೇ ಬಿಲ್ ಕಟ್ಟುವ ಪೋಸ್ಟ್‌ಪೇಯ್ಡ್ ನಂಬರಿನವರೂ ಇಲ್ಲಿದ್ದಾರೆ, ವ್ಯಾಲಿಡಿಟಿ ಮುಗಿಯುವ ಕೊನೆಯ ರಾತ್ರಿಯ ತನಕ ಎಳೆದು ರೀಚಾರ್ಜ್ ಮಾಡಿಸುವವರೂ ಇದ್ದಾರೆ. ಇಡೀ ದೇಶದ ಲೆಕ್ಕ ತೆಗೆದರೂ ನೂರಕ್ಕೆ ತೊಂಬತ್ತರ ಆಸುಪಾಸು ಪ್ರಿಪೇಯ್ಡ್‌ನವರೇ.

ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಕೌಂಟರಿನ ಮಾತುಕತೆ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ.

‘ಅಕ್ಕಾ, ಮುನ್ನೂರ ನಲವತ್ತೊಂಬತ್ತೇ ಹಾಕ್ಬಿಡ್ಲಾ?’

‘ಹಾಕ್ಸಿ ಇನ್ನೂ ತಿಂಗ್ಳಾಗಿಲ್ವಲ್ಲಪ್ಪಾ.’

‘ಇಪ್ಪತ್ತೆಂಟೇ ದಿನ ಅಕ್ಕಾ. ನಿನ್ನೆಗೇ ಮುಗ್ದಿದೆ.’

ಅಕ್ಕ ಬ್ಲೌಸಿನ ಪರ್ಸಿನಿಂದ ಮಡಿಸಿದ ನೋಟು ತೆಗೆಯುತ್ತಾಳೆ. ಅವಳ ಸಂಬಳ ತಿಂಗಳ ಲೆಕ್ಕದ್ದು, ಮನೆ ಬಾಡಿಗೆ ತಿಂಗಳ ಲೆಕ್ಕದ್ದು, ಕರೆಂಟ್ ಬಿಲ್ಲೂ ತಿಂಗಳ ಲೆಕ್ಕದ್ದು. ಫೋನ್ ಮಾತ್ರ ನಾಲ್ಕು ವಾರದ್ದು. ಏಳನೇ ತಾರೀಕು ಸಂಬಳ ಬಂತು, ಜನವರಿ 8ಕ್ಕೆ ರೀಚಾರ್ಜ್ ಮಾಡಿಸಿದಳು ಎಂದಿಟ್ಟುಕೊಳ್ಳಿ. ಮುಂದಿನದು ಫೆಬ್ರುವರಿ 5, ಆಮೇಲೆ ಮಾರ್ಚ್ 5, ಆಮೇಲೆ ಏಪ್ರಿಲ್ 2. ಫೆಬ್ರುವರಿಯಲ್ಲೇ ಸಂಬಳಕ್ಕಿಂತ ಮುಂದಕ್ಕೆ ಓಡಿಬಿಟ್ಟಿತ್ತು. ಅದರ ಮುಂದಿನದು ಏಪ್ರಿಲ್ 30. ಒಂದೇ ತಿಂಗಳಲ್ಲಿ ಎರಡು ಸಲ. ಹೀಗೆ ವರ್ಷಕ್ಕೆ ಹದಿಮೂರು. ಹದಿಮೂರನೆಯದು ಯಾವ ತಿಂಗಳ ಖರ್ಚಿನಲ್ಲಿ ನುಸುಳಿಕೊಂಡಿತು ಎಂಬುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಈ ದೂರು ಟ್ರಾಯ್‌ಗೂ, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೂ ಮುಟ್ಟಿತ್ತು. ಪ್ರತಿ ಕಂಪನಿಯೂ ಮೂವತ್ತು ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುವ ಪ್ಯಾಕ್ ಒಂದೊಂದನ್ನಾದರೂ ಇಡಲೇಬೇಕು ಎಂದು 2022ರ ಜನವರಿಯಲ್ಲಿ ಆದೇಶ ಹೊರಟಿತು. ಇಟ್ಟಿದ್ದಾರೆ, ಇಲ್ಲವೆಂದಲ್ಲ. ಜಿಯೊದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 299, ಅದೇ ಡೇಟಾ ಇರುವ ತಿಂಗಳ ಪ್ಯಾಕ್ 319. ಹದಿಮೂರು ಸಲ 299 ಹಾಕಿಸಿದರೆ 3,887, ಹನ್ನೆರಡು ಸಲ 319 ಹಾಕಿಸಿದರೆ 3,828. ಉಳಿತಾಯ ಅರವತ್ತು ರೂಪಾಯಿಯೂ ಇಲ್ಲ. ಆದರೆ ತಾರೀಕು ಸಂಬಳದ ಬೆನ್ನಿಗೇ ನಿಲ್ಲುತ್ತದೆ, ಕೈಸಾಲ ಕೇಳುವುದು ತಪ್ಪುತ್ತದೆ. ಕೇಳಿ ಹಾಕಿಸಿಕೊಳ್ಳಬೇಕು, ಅಷ್ಟೇ. ತಾವಾಗಿ ಹೇಳುವವರು ಕಡಿಮೆ. (ಇಲ್ಲಿ ಕೊಟ್ಟಿರುವ ಪ್ಯಾಕ್ ದರಗಳು 2024ರ ಜುಲೈ ಏರಿಕೆಯ ನಂತರದವು, ಬರೀ ಕರೆಯ ಪ್ಯಾಕ್‌ಗಳವು 2025ರ ಆರಂಭದವು. ಹಾಕಿಸುವ ಮುಂಚೆ ಒಮ್ಮೆ ಆ ದಿನದ ದರ ನೋಡಿಕೊಳ್ಳಿ.)

ನಿಜವಾದ ದುಡ್ಡು ಉಳಿಯುವುದು ಉದ್ದನೆಯ ಪ್ಯಾಕ್‌ನಲ್ಲಿ. ಏರ್‌ಟೆಲ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿಗೆ 28 ದಿನಕ್ಕೊಮ್ಮೆ 349 ಹಾಕಿಸುವವರು ವರ್ಷಕ್ಕೆ 4,537 ಕೊಡುತ್ತಾರೆ. 84 ದಿನದ 859ರ ಪ್ಯಾಕ್ ನಾಲ್ಕು, ಕೊನೆಗೊಂದು 349 ಹಾಕಿಸಿದರೆ ಅಷ್ಟೇ ದಿನಕ್ಕೆ 3,785. ಒಂದೇ ಏಟಿಗೆ 3,599 ಹಾಕಿಸಿದರೆ 365 ದಿನ, ಅದೂ ದಿನಕ್ಕೆ ಎರಡು ಜಿಬಿ. ಮೊದಲಿನದಕ್ಕೂ ಕೊನೆಯದಕ್ಕೂ 938 ರೂಪಾಯಿ ವ್ಯತ್ಯಾಸ. ಈ 938 ಯಾರ ಜೇಬಿನಿಂದ ಹೋಗುತ್ತದೆ ನೋಡಿ: ಕೈಯಲ್ಲಿ 3,599 ಇರುವವರ ಜೇಬಿನಿಂದಲ್ಲ. ಟೈಲರ್ ಬ್ಯಾಚಿನಲ್ಲಿ ಕೂತು ದಿನಗಟ್ಟಲೆ ಕಾಲರ್ ಹೊಲಿಯುವವಳು ಅದೇ ಮಾತು, ಅದೇ ವಾಟ್ಸ್ಆ್ಯಪ್‌ಗೆ ವರ್ಷದ ಪ್ಯಾಕ್ ಹಾಕಿಸುವ ಎಂಜಿನಿಯರ್‌ಗಿಂತ ಕಾಲು ಪಾಲು ಹೆಚ್ಚು ಕೊಡುತ್ತಾಳೆ. ಕಮ್ಮಿ ದುಡ್ಡಿನವರಿಗೆ ಜಾಸ್ತಿ ರೇಟು ಎಂಬ ಈ ವ್ಯಾಪಾರವನ್ನು ‘ಅಗ್ಗದ ಪ್ಯಾಕ್’ ಎಂದು ಕರೆಯುವುದು ನನಗೆ ಒಗ್ಗದ ಮಾತು.

ಇದಕ್ಕೆ ದಾರಿ ಇಲ್ಲದಿಲ್ಲ. ವರ್ಷಕ್ಕೊಮ್ಮೆ ಬೋನಸ್ ಬರುವ ಕಡೆ ಆ ದುಡ್ಡಿನಲ್ಲಿ ಮೊದಲು ಫೋನಿನ ವರ್ಷದ ಕಂತು ಮುಗಿಸಿಬಿಡಬಹುದು. ಓಣಿಯ ಚೀಟಿಯಲ್ಲಿ ತಿಂಗಳಿಗೆ ಮುನ್ನೂರು ಹಾಕಿದರೂ ವರ್ಷದ ಮೊತ್ತ ಕೂಡುತ್ತದೆ. ಆದರೆ ಒಂದು ಎಚ್ಚರಿಕೆ. ವರ್ಷದ ಪ್ಯಾಕ್ ಹಾಕಿಸಿದ ಮೇಲೆ ನೆಟ್‌ವರ್ಕ್ ಸರಿಯಿಲ್ಲವೆಂದು ಬೇರೆ ಕಂಪನಿಗೆ ಪೋರ್ಟ್ ಆದರೆ ಉಳಿದ ವ್ಯಾಲಿಡಿಟಿ ಹೋದಂತೆಯೇ. ಹೊಂಗಸಂದ್ರದ ಕೆಳಮನೆಯ ರೂಮಿನೊಳಗೆ ಸಿಗ್ನಲ್ ಬರುತ್ತದೋ ಇಲ್ಲವೋ ಎಂದು ಮೊದಲು ಸಣ್ಣ ಪ್ಯಾಕ್‌ನಲ್ಲಿ ಪರೀಕ್ಷೆ ಮಾಡಿ, ಆಮೇಲೆ ವರ್ಷದ ಮಾತು.

ಹಿಂದೆ ಪ್ರಿಪೇಯ್ಡ್ ಎಂದರೆ ಹೀಗಿರಲಿಲ್ಲ. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತದಿಂದ ದಿಲ್ಲಿಗೆ ಹೋದಾಗ ನಿಮಿಷಕ್ಕೆ ಹದಿನಾರು ರೂಪಾಯಿಗೂ ಮೇಲೆ, ಬಂದ ಕರೆಗೂ ದುಡ್ಡು. ಕರ್ನಾಟಕದಲ್ಲಿ ಜೆಟಿಎಂ, ಸ್ಪೈಸ್ ಬಂದ ಕಾಲದಲ್ಲಿ ಮೊಬೈಲ್ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಂತಸ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯಿತು ನೋಡಿ, ಅಲ್ಲಿಂದ ಬಡವರ ಕೈಗೆ ಫೋನ್ ಬಂತು. ಬೆಳ್ಳಿ ಬಣ್ಣದ ಪಟ್ಟಿಯನ್ನು ನಾಣ್ಯದಲ್ಲಿ ಕೆರೆದು ನಂಬರ್ ಒತ್ತಿ ‘ಕರೆನ್ಸಿ’ ಹಾಕಿಕೊಳ್ಳುವುದು, ಹತ್ತು ರೂಪಾಯಿಯ ಈಸಿ ರೀಚಾರ್ಜ್, ಊರಿನಿಂದ ಅಮ್ಮನ ಮಿಸ್ ಕಾಲ್, ಇಲ್ಲಿಂದ ಮಗಳ ವಾಪಸ್ ಕಾಲ್. ಎರಡು ಮಿಸ್ ಕಾಲ್ ಅಂದರೆ ‘ಬಸ್ ಹತ್ತಿದೆ’. 2005ರ ಕೊನೆಗೆ ಸಾವಿರ ರೂಪಾಯಿಯ ಒಳಗೆ ‘ಲೈಫ್‌ಟೈಮ್’ ಬಂತು. ಕರೆನ್ಸಿ ಇಲ್ಲದಿದ್ದರೂ ಕರೆ ಬರುತ್ತಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು, ಮಿಕ್ಕವರೂ ಹಿಂದೆ ಬಂದರು. ಆ ಕಾಲದಲ್ಲಿ ಮಾತು ಕಡಿಮೆ ಮಾಡಿದರೆ ಖರ್ಚು ಕಡಿಮೆ ಆಗುತ್ತಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಮಾತನ್ನೆಲ್ಲ ಪುಕ್ಕಟೆ ಮಾಡಿ ಡೇಟಾ ಸುರಿಯಿತು. ಖುಷಿಯೇ ಆಯಿತು, ಸುಳ್ಳೇಕೆ. ಮೈಮೇಲೆ ಬಿದ್ದ ಪೈಪೋಟಿಗೆ ಹಲವು ಕಂಪನಿಗಳು ಬಾಗಿಲು ಹಾಕಿದವು, ಕೆಲವು ಒಂದಾದವು. 2018ರ ಕೊನೆಗೆ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಸಿಮ್ ನಿಲ್ಲುತ್ತದೆ ಎಂಬ ಕಟ್ಟಳೆ ಬಂತು. ‘ಲೈಫ್‌ಟೈಮ್’ ಅಲ್ಲಿಗೆ ಮುಗಿಯಿತು. 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ: ಮೂರು ದೊಡ್ಡ ಏರಿಕೆಯಾದ ಮೇಲೆ ಆ 35ರ ಜಾಗದಲ್ಲಿ 199 ಕೂತಿದೆ. ಈಗಿನ ಪ್ರಿಪೇಯ್ಡ್ ಎಂದರೆ ಬೆಂಗಳೂರಿನ ಬಾಡಿಗೆ ಮನೆ ಇದ್ದಂತೆ. ನೀವು ಒಳಗಿರಿ, ಊರಿಗೆ ಹೋಗಿರಿ, ಮುಂಗಡ ಬಾಡಿಗೆ ಬೀಳುತ್ತಲೇ ಇರುತ್ತದೆ. ಇಂಥ ಕಾಲದಲ್ಲಿ ಉಳಿತಾಯ ಬೇಕೆಂದರೆ ಪೋಸ್ಟೋ ಪ್ರಿಪೇಯ್ಡೋ ಎಂದು ಕೇಳುವ ಮೊದಲು, ಈ ಮನೆಯ ಯಾವ ನಂಬರಿಗೆ ಡೇಟಾ ಬೇಕು, ಯಾವುದಕ್ಕೆ ಬರೀ ಮಾತು ಸಾಕು ಎಂದು ಕೇಳಬೇಕು.

ಆ ಲೆಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮನೆಯ ಅಜ್ಜಿಯ ಕೀಪ್ಯಾಡ್ ಫೋನು. ಅವಳು ನೋಡದ ಯೂಟ್ಯೂಬ್‌ಗೆ ಮಗ ದುಡ್ಡು ಕಟ್ಟುತ್ತಲೇ ಬಂದಿದ್ದಾನೆ. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಇಡಲೇಬೇಕು, ಅದಕ್ಕೆ 365 ದಿನದವರೆಗೂ ವ್ಯಾಲಿಡಿಟಿ ಕೊಡಬಹುದು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಮುಂದಿನ ತಿಂಗಳೇ ಅಂಥ ಪ್ಯಾಕ್‌ಗಳು ಬಂದವು: ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ಇಡೀ ವರ್ಷಕ್ಕೆ 1,849, ಜಿಯೊದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ಅಜ್ಜಿಯ ನಂಬರಿಗೆ 28 ದಿನಕ್ಕೊಮ್ಮೆ 199 ಹಾಕಿಸುತ್ತಿದ್ದರೆ ವರ್ಷಕ್ಕೆ 2,587 ಆಗುತ್ತಿತ್ತು. 1,849ರ ಒಂದೇ ರೀಚಾರ್ಜ್‌ನಲ್ಲಿ 738 ರೂಪಾಯಿ ಉಳಿಯಿತು. ಊರಲ್ಲಿರುವ ಅತ್ತೆ ಮಾವಂದಿರ ಫೋನಿಗೂ ಇದೇ ಮಾತು. ಮಕ್ಕಳು ಬೆಂಗಳೂರಿನಿಂದಲೇ ಹಾಕುವ ರೀಚಾರ್ಜ್‌ಗಳಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ.

ಪಿ.ಜಿ.ಯಲ್ಲಿರುವ ಹುಡುಗರ ಕತೆ ಇನ್ನೊಂದು. ರೂಮಿನಲ್ಲಿ ವೈಫೈ, ಆಫೀಸಿನಲ್ಲಿ ವೈಫೈ. ಫೋನಿನ ಡೇಟಾ ಓಡುವುದು ಮೆಟ್ರೊದಲ್ಲಿ, ಊಟದ ಮೆಸ್ಸಿನಲ್ಲಿ. ದಿನಕ್ಕೆ ಎರಡು ಜಿಬಿಯ ಪ್ಯಾಕ್‌ನಲ್ಲಿ ಉಳಿದದ್ದು ನಾಳೆಗೆ ಬರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಮಾಯ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತಿಂಗಳಿಗೆ ಎಷ್ಟು ಮೊಬೈಲ್ ಡೇಟಾ ಖರ್ಚಾಯಿತೆಂದು ತೋರಿಸುತ್ತದೆ. ಅದನ್ನು ನೋಡದೆ ಪ್ಯಾಕ್ ಆರಿಸುವುದು ಅಳತೆ ತೆಗೆಯದೆ ಪ್ಯಾಂಟ್ ಕೊಳ್ಳುವ ಕೆಲಸ.

ಇನ್ನು ಪೋಸ್ಟ್‌ಪೇಯ್ಡ್‌ನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಒಬ್ಬೊಬ್ಬರೇ ತೆಗೆದುಕೊಂಡರೆ ಅದು ದುಬಾರಿ, ಸಂಶಯವಿಲ್ಲ. ನಾಲ್ಕು ಮಂದಿ ಸೇರಿದರೆ ಲೆಕ್ಕ ತಿರುಗುತ್ತದೆ. ನಾಲ್ಕು ನಂಬರಿನ 1,199ರ ಫ್ಯಾಮಿಲಿ ಪ್ಲಾನ್‌ಗೆ ತೆರಿಗೆ ಸೇರಿಸಿದರೆ ಸುಮಾರು 1,415. ತಲೆಗೆ 354, ವರ್ಷಕ್ಕೆ 4,245ರ ಹತ್ತಿರ. 28 ದಿನಕ್ಕೊಮ್ಮೆ 349 ಹಾಕಿಸುವವರ 4,537ಕ್ಕಿಂತ ಇದೇ ಅಗ್ಗ! ಆದರೆ ಆ ನಾಲ್ವರಲ್ಲಿ ಒಬ್ಬರು ಅಜ್ಜಿ, ಇನ್ನೊಬ್ಬರು ಮನೆಯಲ್ಲೇ ವೈಫೈ ಹಿಡಿದು ಕೂರುವ ಹೈಸ್ಕೂಲ್ ಹುಡುಗ ಆಗಿದ್ದರೆ ಮತ್ತೆ ಪ್ರಿಪೇಯ್ಡೇ ಗೆಲ್ಲುತ್ತದೆ. ಮನೆಮಂದಿಯ ಸ್ವಭಾವ ನೋಡದೆ ತೀರ್ಪು ಕೊಡಲಾಗದು.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ತಿಂಗಳು ರೀಚಾರ್ಜೇ ಬೇಡ ಎಂದು ಬಿಡುತ್ತಾರೆ. ಈ ಉಳಿತಾಯ ಅಪಾಯದ್ದು. 2016ರ ಏಪ್ರಿಲ್‌ನಲ್ಲಿ ಇದೇ ಬೊಮ್ಮನಹಳ್ಳಿಯಿಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದು, ಪಿ.ಎಫ್. ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ್ದ ಹೊಸ ನಿರ್ಬಂಧವನ್ನು ವಾಪಸ್ ಪಡೆಯುವಂತೆ ಮಾಡಿದ್ದರು. ಮುಖಂಡರಿಲ್ಲದೆ ಎದ್ದ ಆ ಹೋರಾಟ ದೇಶವೇ ತಿರುಗಿ ನೋಡಿದಂಥದ್ದು. ಇಂದು ಅದೇ ಪಿ.ಎಫ್. ಹಣ ಆನ್‌ಲೈನ್‌ನಲ್ಲಿ ಬಿಡಿಸಿಕೊಳ್ಳಬೇಕೆಂದರೆ ಆಧಾರ್‌ಗೆ ಕೊಟ್ಟ ನಂಬರಿಗೆ ಒಟಿಪಿ ಬರಬೇಕು. ಬ್ಯಾಂಕು, ಗ್ಯಾಸ್ ಸಿಲಿಂಡರ್, ಎಲ್ಲಕ್ಕೂ ಅದೇ ನಂಬರು. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಸುದ್ದಿಯೂ ಬರುವುದು ಅಲ್ಲಿಗೇ. ನಿಂತುಹೋದ ನಂಬರನ್ನು ತೊಂಬತ್ತು ದಿನ ಯಾರಿಗೂ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಆಮೇಲೆ ಅದು ಬೇರೆ ಯಾರದೋ ಆಗಬಹುದು. ನಿಮ್ಮ ಬ್ಯಾಂಕಿನ ಒಟಿಪಿ ಅವರ ಫೋನಿಗೆ! ಎರಡನೇ ಸಿಮ್ ಬಿಟ್ಟುಬಿಡುವವರು ಮೊದಲು ಆಧಾರ್, ಬ್ಯಾಂಕಿನಲ್ಲಿ ನಂಬರ್ ಬದಲಿಸಿ, ಆಮೇಲೆ ಬಿಡಬೇಕು.

ಪೋಸ್ಟ್‌ಪೇಯ್ಡ್‌ನಿಂದ ಪ್ರಿಪೇಯ್ಡ್‌ಗೆ ಬರುವುದು ಈಗ ಕಷ್ಟವಲ್ಲ. ಮೊದಲು ಹೊಸ ಗಿರಾಕಿಯ ಹಾಗೆ ಫೋಟೊ, ದಾಖಲೆ ಹಿಡಿದು ಅಂಗಡಿಗೆ ಹೋಗಬೇಕಿತ್ತು. 2021ರ ಸೆಪ್ಟೆಂಬರ್‌ನಿಂದ ಅದೇ ಕಂಪನಿಯೊಳಗೆ ಒಟಿಪಿ ಕೊಟ್ಟರೆ ಸಾಕು, ಸಿಮ್ಮೂ ಅದೇ, ನಂಬರೂ ಅದೇ. ಬೇರೆ ಕಂಪನಿಗೇ ಹೋಗುವುದಾದರೆ ಪೋರ್ಟ್ ಎಂದು ಬರೆದು ನಂಬರ್ ಹಾಕಿ 1900ಕ್ಕೆ ಮೆಸೇಜ್. ಬರುವ ಕೋಡ್ ಹಿಡಿದು ಹೊಸ ಕಂಪನಿಯ ಅಂಗಡಿಗೆ. ಯಾವುದಕ್ಕೂ ಮೊದಲು ಬಾಕಿ ಬಿಲ್ ಪೂರ್ತಿ ತೀರಿಸಿ, ಡಿಪಾಸಿಟ್ ಕಟ್ಟಿದ್ದರೆ ವಾಪಸ್ ಕೇಳಿ, ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಆಟೊಪೇ ಇದ್ದರೆ ನಿಲ್ಲಿಸಿ. ಹಳೇ ಪ್ಲಾನ್‌ಗೆ ಅಂಟಿಕೊಂಡ ಓಟಿಟಿ ಚಂದಾ ಬಿಲ್ಲಿನ ಜೊತೆಗೇ ನಿಂತುಹೋಗುತ್ತದೆ. ಕ್ರಿಕೆಟ್ ಸೀಸನ್ ನಡುವೆ ಬದಲಾಯಿಸಿದರೆ ಮನೆಯಲ್ಲಿ ಜಗಳ ಖಾತ್ರಿ. ಬಿಲ್ಲಿನ ತಾರೀಕಿಗೆ ಎರಡು ಮೂರು ದಿನ ಇರುವಾಗ ಅರ್ಜಿ ಹಾಕುವುದು ಒಳ್ಳೆಯದು, ಅರ್ಧ ತಿಂಗಳಿಗೆ ಎರಡೂ ಕಡೆ ದುಡ್ಡು ಕೊಡುವುದು ತಪ್ಪುತ್ತದೆ. ಮತ್ತೆ, ಕೌಂಟರಿನಲ್ಲಿ ‘349ನೇ ಹಾಕ್ಬಿಡ್ಲಾ?’ ಎಂದು ಕೇಳಿದಾಗ ತಲೆ ಆಡಿಸುವ ಮುಂಚೆ ಆ ಹುಡುಗನ ಫೋನಿನಲ್ಲಿರುವ 84 ದಿನದ ಪಟ್ಟಿಯನ್ನೊಮ್ಮೆ ಕೆಳಗಿನ ತನಕ ಸರಿಸಲು ಹೇಳಿ. ಬರೀ ಕರೆಯ ಪ್ಯಾಕ್ ಸಾಮಾನ್ಯವಾಗಿ ಇರುವುದು ಅಲ್ಲೇ, ಕೊನೆಯಲ್ಲಿ.