ಅರ್ಧ ಬೆಲೆ ಬೋರ್ಡು, ಹುಷಾರು!



ಹೋದ ಸಲ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬರುವಾಗ ನಮ್ಮಪ್ಪ ಪೇಟೆಯ ಒಂದು ಅಂಗಡಿಯಿಂದ ಕುಕ್ಕರ್ ತಂದರು. 'ಶೇಕಡ 50 ರಿಯಾಯಿತಿ' ಅಂತ ದೊಡ್ಡ ಬೋರ್ಡು ಹಾಕಿದ್ದರಂತೆ. ಡಬ್ಬದ ಮೇಲಿನ ಚೀಟಿಯಲ್ಲಿ 2400 ರೂಪಾಯಿ, ಅಪ್ಪ ಕೊಟ್ಟಿದ್ದು 1200. ಅಮ್ಮನಿಗೆ ಬಹಳ ಖುಷಿಯಾಯಿತು. ನಾನು ಸುಮ್ಮನೆ ಉಗುರಿನಿಂದ ಆ ಚೀಟಿ ಕಿತ್ತೆ. ಅದರ ಕೆಳಗೆ ಅಚ್ಚಾಗಿದ್ದ ಎಂ.ಆರ್.ಪಿ. ಬರೀ 1500!

ನೀವೇ ಲೆಕ್ಕ ಮಾಡಿ. 1500ರಲ್ಲಿ 1200 ಕಳೆದರೆ 300. ಅಂದರೆ ನಿಜವಾದ ರಿಯಾಯಿತಿ ಶೇಕಡ 20 ಮಾತ್ರ. "ಅರ್ಧ ಬೆಲೆ ಅಂತ ತಾನೇ ತಂದಿದ್ದು! ಇಲ್ದಿದ್ರೆ ಹಳೇ ಕುಕ್ಕರನ್ನೇ ರಿಪೇರಿ ಮಾಡಿಸ್ತಿದ್ದೆ" ಅಂದರು ಅಪ್ಪ. ಮೋಸ ಇರೋದೇ ಇಲ್ಲಿ. ಬೇಡವಾದದ್ದನ್ನೂ ನಾವು ಕೊಳ್ಳುತ್ತೇವೆ.

ಎಂ.ಆರ್.ಪಿ. ಎಂದರೆ ಗರಿಷ್ಠ ಚಿಲ್ಲರೆ ಬೆಲೆ. ಎಲ್ಲಾ ತೆರಿಗೆಯೂ ಅದರೊಳಗೇ ಸೇರಿರುತ್ತದೆ. 2011ರ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಚೀಟಿ ಅಂಟಿಸಿ ಬೆಲೆ ಏರಿಸುವಂತಿಲ್ಲ. ಬೆಲೆ ಇಳಿಸಿ ಚೀಟಿ ಅಂಟಿಸಬಹುದು, ಆದರೆ ಹಳೆಯ ಬೆಲೆಯನ್ನು ಮುಚ್ಚಬಾರದು.

ಇನ್ನೂ ಕೆಲವು ಉಪಾಯಗಳಿವೆ:

1. '50%' ದಪ್ಪಕ್ಷರದಲ್ಲಿ, 'ವರೆಗೆ' ಅನ್ನೋದು ಇರುವೆಯಷ್ಟು ಸಣ್ಣಕ್ಷರದಲ್ಲಿ. ಒಂದೆರಡು ವಸ್ತುಗಳಿಗೆ ಮಾತ್ರ 50 ಇರುತ್ತದೆ.

2. ಎಂ.ಆರ್.ಪಿ. ಮೇಲೆ ರಿಯಾಯಿತಿ ಕೊಟ್ಟು, ಬಿಲ್ಲಿನಲ್ಲಿ ಮತ್ತೆ ತೆರಿಗೆ ಸೇರಿಸುವುದು. ಇದು ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗವೇ 2017ರಲ್ಲಿ ತೀರ್ಪು ಕೊಟ್ಟಿದೆ.

3. ಬಿಲ್ ಕೊಡದೇ ಕಳಿಸುವುದು.

ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲು ಬಂದಿದ್ದು 1986ರಲ್ಲಿ. ಅದರ ನೆನಪಿಗೆ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತಾರೆ. ಈಗ ಇರುವುದು 2019ರ ಹೊಸ ಕಾಯ್ದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂತು. ಇದರ ಪ್ರಕಾರ ಸುಳ್ಳು ಬೆಲೆ ತೋರಿಸಿ ಮಾರುವುದೂ ತಪ್ಪು, ಬಿಲ್ ಕೊಡದಿರುವುದೂ ತಪ್ಪು. ಮೋಸ ಆದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ವಸ್ತು 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. 1915 ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ಹೇಳಬಹುದು.

ಅಪ್ಪ ಮಾರನೇ ದಿನ ಅಂಗಡಿಗೆ ಹೋಗಿ ಕೇಳಿದರು. "ಬಿಲ್ ತೋರ್ಸಿ ಯಜಮಾನ್ರೇ" ಅಂದರಂತೆ. ಬಿಲ್ ಇರಲಿಲ್ಲ. ಅವರೂ ಕೊಟ್ಟಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ. "ಹೋಗ್ಲಿ ಬುಡು" ಅಂತ ಅಪ್ಪ ವಾಪಸ್ ಬಂದರು.

ಬೆಳ್ಳಗಿರೋದೆಲ್ಲಾ ಹಾಲಲ್ಲ. ಆದ್ದರಿಂದ ಚನ್ನಪಟ್ಟಣವಾಗಲಿ, ಕನಕಪುರವಾಗಲಿ, ಮಾಗಡಿಯಾಗಲಿ, ಎಲ್ಲೇ ಕೊಂಡರೂ ಮೊದಲು ಅಚ್ಚಾದ ಬೆಲೆ ನೋಡಿ, ಆಮೇಲೆ ಬೋರ್ಡು ನೋಡಿ. ಬಿಲ್ ಕೇಳಿ ಪಡೆಯಿರಿ. ಫೋನಿನಲ್ಲಿ ದುಡ್ಡು ಕಳಿಸಿದ್ದರೆ ಅದರ ಲೆಕ್ಕವನ್ನೂ ಅಳಿಸಬೇಡಿ.

ನಮ್ಮನೆ ಕುಕ್ಕರ್ ಚೆನ್ನಾಗಿಯೇ ಕೂಗುತ್ತದೆ. ಅದು ಕೂಗಿದಾಗಲೆಲ್ಲಾ ಅಮ್ಮ ಹೇಳುತ್ತಾರೆ, "ಬಿಲ್ ಎಲ್ಲಿ ಅಂತ ಕೇಳ್ತಾ ಇದೆ ನೋಡು!"

— 7ನೇ ತರಗತಿ